ಮಳೆಯ ಹೆಸರಿನ ಚುಕ್ಕಿಗಳು ಕಡಲಿಗೆ ಇಳಿಯುವಾಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಮನೆಗಳಲ್ಲಿ ಮಕ್ಕಳ ಪರೀಕ್ಷೆ ಮುಗಿದು ಏಪ್ರಿಲ್ ಕಾಲಿಟ್ಟಿತೆಂದರೆ ಒಂದು ಮಾತು ಎದ್ದೇ ಏಳುತ್ತದೆ: ‘ಈ ಸಲ ಸಮುದ್ರಕ್ಕ ಹೋಗೂಣ್ರೀ.’ ಬಿಸಿಲು ನಲವತ್ತು ಡಿಗ್ರಿಯ ಆಚೀಚೆ ನಿಂತಿರುತ್ತದೆ. ಎರೆಹೊಲ ಬಿರುಕು ಬಿಟ್ಟಿರುತ್ತದೆ. ವರ್ಷವಿಡೀ ಶಾಲೆ, ಟ್ಯೂಷನ್, ಪ್ರವೇಶ ಪರೀಕ್ಷೆಯ ತಯಾರಿ ಎಂದು ಓಡಿದ ಮಕ್ಕಳ ಮುಖ ಬಾಡಿರುತ್ತದೆ. ಓಣಿಯ ಮೂರ್ನಾಲ್ಕು ಮನೆಯವರು ಸೇರಿ ಒಂದು ಕ್ರೂಸರ್ ಗಾಡಿ ಗೊತ್ತು ಮಾಡುತ್ತಾರೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಚುರಮುರಿ ಗಂಟು ಕಟ್ಟುತ್ತಾರೆ. ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ ಎಲ್ಲವೂ ಮೂರೇ ದಿನದಲ್ಲಿ. ನಾಲ್ಕನೆಯ ದಿನ ಬೆಳಗಿನ ಜಾವ ಊರು.

ದೇವರ ದರ್ಶನವಾಗಿರುತ್ತದೆ. ಅಲೆಯಲ್ಲಿ ಕಾಲು ನೆನೆದಿರುತ್ತದೆ. ಆದರೆ ರಜೆ ಆಗಿರುವುದಿಲ್ಲ. ಪ್ರವಾಸದ ದಣಿವು ಕಳೆಯಲು ಮನೆಯಲ್ಲಿ ಮತ್ತೆರಡು ದಿನ ಮಲಗಬೇಕಾಗುತ್ತದೆ.

ಹಾಗಾದರೆ ಬೇರೆ ರೀತಿ ಹೋಗಲು ಸಾಧ್ಯವಿಲ್ಲವೇ? ಇದೆ. ಆರು ಊರಿನ ಬದಲು ಒಂದೇ ಊರು, ಮೂರು ರಾತ್ರಿ ಅಲ್ಲಿಯೇ. ಹಗಲು ವಿಶ್ರಾಂತಿ, ರಾತ್ರಿ ಎರಡು ತಾಸು ಆಕಾಶ. ಕೈಯಲ್ಲಿ ಈಗ ಮನೆಮನೆಗೂ ಇರುವ ಫೋನು. ‘ಅಲ್ರೀ, ಸಮುದ್ರಕ್ಕ ಹೋಗಿ ಕತ್ತಲದಾಗ ಏನ್ ನೋಡೂದೈತಿ?’ ಎಂದು ಮನೆಯ ಹಿರಿಯರು ಕೇಳಬಹುದು. ಕೇಳಿದರೆ ಅವರನ್ನೇ ಮೊದಲು ಕರೆದುಕೊಂಡು ಹೋಗಿ. ಯಾಕೆಂದರೆ ಅಲ್ಲಿ ನೋಡುವುದಕ್ಕಿರುವ ಚುಕ್ಕಿಗಳ ಹೆಸರು ಮಕ್ಕಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಒಂದೇ ಹೆದ್ದಾರಿ

ನಮ್ಮ ಜಿಲ್ಲೆಗೂ ಕಡಲಿಗೂ ನಡುವೆ ಒಂದು ನೇರ ನಂಟಿದೆ. ಪಂಜಾಬಿನ ಸಂಗ್ರೂರಿನಿಂದ ಹೊರಡುವ 52ನೆಯ ರಾಷ್ಟ್ರೀಯ ಹೆದ್ದಾರಿ ಸೊಲ್ಲಾಪುರ ದಾಟಿ, ಝಳಕಿ, ಹೊರ್ತಿ ಮೇಲೆ ವಿಜಯಪುರಕ್ಕೆ ಬಂದು, ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟಿ, ಹುಬ್ಬಳ್ಳಿ, ಯಲ್ಲಾಪುರದ ಮೂಲಕ ಅಂಕೋಲಾದ ಬಳಿ ಮುಗಿಯುತ್ತದೆ. ಇಂಡಿಯವರಿಗೆ ಇದು ಮನೆಯ ಮುಂದಿನ ರಸ್ತೆಯಿದ್ದಂತೆ. ಸಿಂದಗಿಯವರು ವಿಜಯಪುರದಲ್ಲಿ, ಬಾಗೇವಾಡಿಯವರು ಕೊಲ್ಹಾರದಲ್ಲಿ ಇದನ್ನು ಸೇರಬಹುದು. ಮುದ್ದೇಬಿಹಾಳದವರು ಬಾಗಲಕೋಟೆಯ ಮೇಲೆ ಹಾದು ಗದ್ದನಕೇರಿ ಕ್ರಾಸಿನಲ್ಲಿ ಕೂಡಿಕೊಳ್ಳಬಹುದು. ವಿಜಯಪುರದಿಂದ ಅಂಕೋಲಾ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಮಾತಿನಲ್ಲಿಯೇ ಓಡುತ್ತಿರುವುದರಿಂದ ಬಸ್ಸು ಅಥವಾ ಗಾಡಿಯೇ ಗತಿ.

ಕಲಘಟಗಿ ದಾಟಿದ ಮೇಲೆ ಮರಗಳು ದಟ್ಟವಾಗುತ್ತವೆ. ಯಲ್ಲಾಪುರದ ಆಚೆ ಅರಬೈಲು ಘಟ್ಟದ ತಿರುವುಗಳು ಶುರುವಾಗುತ್ತವೆ. ಬಯಲು ಸೀಮೆಯ ಮಕ್ಕಳಿಗೆ ಹೊಟ್ಟೆ ತೊಳಸುವುದು ಇಲ್ಲಿಯೇ. 2023ರಲ್ಲಿ ಭೌಗೋಳಿಕ ಸೂಚಿ ಪಡೆದ ನಮ್ಮ ಇಂಡಿ ಲಿಂಬಿ ನಾಲ್ಕು ಚೀಲದಲ್ಲಿರಲಿ. ಮೂಸಲಿಕ್ಕೂ ಆಯಿತು, ಶರಬತ್ತಿಗೂ ಆಯಿತು. ಮಳೆಗಾಲದಲ್ಲಿ ಮಾತ್ರ ಈ ಪ್ರವಾಸ ಬೇಡ. ಆಗ ಚುಕ್ಕಿಯೂ ಕಾಣುವುದಿಲ್ಲ, ದಾರಿಯೂ ಸುರಕ್ಷಿತವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ.

ಇಳಿದುಕೊಳ್ಳಲು ಗೋಕರ್ಣ ಒಳ್ಳೆಯ ಊರು. ಮಹಾಬಲೇಶ್ವರನ ದರ್ಶನವೂ ಆಗುತ್ತದೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಗುಡ್ಡಗಳ ನಡುವೆ ಒಂದರ ಪಕ್ಕ ಒಂದು ಕಡಲ ದಂಡೆಗಳಿವೆ. ಹೊನ್ನಾವರದ ಕಾಸರಕೋಡು ತೀರ 2020ರಲ್ಲಿ ಸ್ವಚ್ಛತೆ, ಸುರಕ್ಷತೆಗಾಗಿ ಕೊಡುವ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದದ್ದು. ಕಾರವಾರದ ಕಡೆಗೆ ಹೋದರೆ ನೌಕಾನೆಲೆಯತ್ತ ಕ್ಯಾಮೆರಾ ತಿರುಗಿಸದಿರುವುದು ಒಳ್ಳೆಯದು. ಮುರ್ಡೇಶ್ವರದ 123 ಅಡಿ ಎತ್ತರದ ಶಿವನನ್ನು ಕಣ್ತುಂಬ ನೋಡಿ ಬನ್ನಿ. ಆದರೆ ದೀಪಗಳ ಬೆಳಕಿರುವ ಅಲ್ಲಿ ಚುಕ್ಕಿಯ ಚಿತ್ರ ಬಾರದು.

ಗೋಡೆಯ ಕ್ಯಾಲೆಂಡರೇ ಗುರು

ಚುಕ್ಕಿಯ ಚಿತ್ರಕ್ಕೆ ಬೇಕಾದ ಮೊದಲ ಸಾಮಾನು ಕ್ಯಾಮೆರಾ ಅಲ್ಲ, ಕತ್ತಲು. ಚಂದ್ರನಿದ್ದರೆ ಆಕಾಶ ತೊಳೆದಿಟ್ಟಂತಾಗಿ ಸಣ್ಣ ಚುಕ್ಕಿಗಳು ಮಾಯವಾಗುತ್ತವೆ. ಆದ್ದರಿಂದ ಪ್ರವಾಸದ ದಿನ ಗೊತ್ತು ಮಾಡುವ ಮುನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಎಂದಿದೆ ನೋಡಿ. ಅದಕ್ಕೆ ನಾಲ್ಕು ದಿನ ಮುಂಚಿನಿಂದ ಎರಡು ಮೂರು ದಿನ ಆಚೆಯವರೆಗೆ ಸಂಜೆಗಳು ಕತ್ತಲಾಗಿರುತ್ತವೆ.

ಬೇಸಿಗೆ ರಜೆಯಲ್ಲಿ ಇದಕ್ಕೊಂದು ಸುಲಭದ ಗುರುತಿದೆ. ಬಸವ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆಯಂದು, ಅಂದರೆ ಅಮಾವಾಸ್ಯೆಯಾದ ಮೂರನೆಯ ದಿನದ ಸುಮಾರಿಗೆ. ಅದಕ್ಕೆ ಮುಂಚಿನ ನಾಲ್ಕೈದು ರಾತ್ರಿಗಳು ಕಡಲ ದಂಡೆಗೆ ಹೇಳಿ ಮಾಡಿಸಿದಂಥವು. ಚುಕ್ಕಿ ನೋಡಿಕೊಂಡು ಬಂದು ಜಯಂತಿಗೆ ಬಾಗೇವಾಡಿಯಲ್ಲಿರಬಹುದು. ಜಯಂತಿ ಏಪ್ರಿಲ್‌ನಲ್ಲಿಯೇ ಬಂದ ವರ್ಷವಾದರೆ ಇನ್ನೂ ಅನುಕೂಲ. ಮೇ ಕೊನೆಗೆ ಕಡಲ ಮೇಲೆ ಮೋಡ ಕೂಡತೊಡಗುತ್ತದೆ.

ದಸರಾ ರಜೆಯಲ್ಲೂ ಹೋಗಬಹುದು. ಮಹಾಲಯ ಅಮಾವಾಸ್ಯೆಯ ಮರುದಿನವೇ ನವರಾತ್ರಿ ಶುರುವಾಗುವುದರಿಂದ ಮೊದಲೆರಡು ರಾತ್ರಿಗಳು ಕತ್ತಲು. ವಿಜಯದಶಮಿಯ ಹೊತ್ತಿಗೆ ಚಂದ್ರ ದೊಡ್ಡವನಾಗಿರುತ್ತಾನೆ. ದೀಪಾವಳಿಯಂತೂ ಅಮಾವಾಸ್ಯೆಯ ಹಬ್ಬವೇ. ಅಕ್ಟೋಬರಿನಲ್ಲಿ ಮೋಡವಿಲ್ಲದ ದಿನ ಸಿಕ್ಕರೆ ಸಂಜೆ ಏಳೂವರೆಯಿಂದ ಒಂಬತ್ತರವರೆಗೆ ಆಕಾಶಗಂಗೆಯ ಅತಿ ದಟ್ಟವಾದ ಭಾಗ ನೈರುತ್ಯ ದಿಕ್ಕಿನಲ್ಲಿ, ಕಡಲಿನ ಮೇಲೆಯೇ ನಿಂತಿರುತ್ತದೆ. ಧನು, ವೃಶ್ಚಿಕ ರಾಶಿಗಳ ನಡುವಿನ ಆ ಬಿಳಿಯ ಮಬ್ಬು ನಮ್ಮ ನಕ್ಷತ್ರ ಮಂಡಲದ ನಡುಭಾಗ. ಪಶ್ಚಿಮಕ್ಕೆ ಕಡಲಿರುವ ನಮ್ಮ ಕರಾವಳಿಯಲ್ಲಿ ಆಕಾಶಗಂಗೆ ನೀರಿಗಿಳಿಯುವ ಚಿತ್ರ ಸಿಗುವುದು ಈ ಕಾಲದ ಸಂಜೆಗಳಲ್ಲಿ.

ಹನ್ನೆರಡು ಮಳೆ, ಒಂದೇ ರಾತ್ರಿ

ನಮ್ಮ ಕಡೆಯ ರೈತನಿಗೆ ನಕ್ಷತ್ರದ ಹೆಸರು ಕೇಳಿದರೆ ಆತ ಮೇಲೆ ನೋಡುವುದಕ್ಕಿಂತ ಹೊಲದ ಕಡೆ ನೋಡುತ್ತಾನೆ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ: ಇವೆಲ್ಲ ಅವನಿಗೆ ಮಳೆಗಳು. ‘ಮಿರಗ ಕೂಡ್ತು’ ಎಂದರೆ ಬಿತ್ತನೆಯ ಮಾತು. ಹಸ್ತಾ, ಚಿತ್ತಾ ಎಂದರೆ ಹಿಂಗಾರಿ ಬಿಳಿಜೋಳದ ಮಾತು. ವರ್ಷಕ್ಕೆ ಆರು ನೂರು ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆಯಲ್ಲಿ ಈ ಹೆಸರುಗಳು ಬಾಯಿಪಾಠವಾಗದೆ ಹೇಗಿದ್ದಾವು?

ಆದರೆ ಮಿರಗದ ಮಳೆ ಬರುವಾಗ ಮೃಗಶಿರಾ ನಕ್ಷತ್ರ ಕಾಣುವುದಿಲ್ಲ. ಸೂರ್ಯನ ದಾರಿಯನ್ನು ನಮ್ಮ ಹಿರಿಯರು ಇಪ್ಪತ್ತೇಳು ಭಾಗ ಮಾಡಿ ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರಿಟ್ಟರು. ಒಂದೊಂದು ಭಾಗದಲ್ಲಿ ಸೂರ್ಯ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಜೂನ್ ಎರಡನೆಯ ವಾರದ ಸುಮಾರಿಗೆ ಅವನು ಮೃಗಶಿರಾ ಭಾಗಕ್ಕೆ ಬರುತ್ತಾನೆ. ಆಗಿನ ಮಳೆಯೇ ಮಿರಗದ ಮಳೆ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ಚುಕ್ಕಿ ಹಗಲಿನ ಬೆಳಕಿನಲ್ಲಿ ಕಾಣುವುದಾದರೂ ಹೇಗೆ? ಹೀಗೆ ಮಳೆಯ ಹೆಸರು ಗೊತ್ತಿದ್ದೂ ಆ ಚುಕ್ಕಿಯನ್ನು ಕಾಣದವರು ನಮ್ಮಲ್ಲಿ ಬಹಳ.

ಇವರಿಬ್ಬರ, ಅಂದರೆ ಮುತ್ಯಾನ ಮಳೆಯ ಮತ್ತು ಮೊಮ್ಮಗಳ ವಿಜ್ಞಾನ ಪುಸ್ತಕದ, ಭೇಟಿ ಮಾಡಿಸಲು ಏಪ್ರಿಲ್ ಮಧ್ಯದ ರಾತ್ರಿಗಿಂತ ಒಳ್ಳೆಯ ಮುಹೂರ್ತವಿಲ್ಲ. ಎಂಟೂವರೆಯ ಹೊತ್ತಿಗೆ ಕಡಲಿಗೆ ಮುಖ ಮಾಡಿ ನಿಲ್ಲಿ. ನೀರಿನ ಮೇಲೆ ಸ್ವಲ್ಪ ಎತ್ತರದಲ್ಲಿ ಕೆಂಪಗೆ ಹೊಳೆಯುವುದು ರೋಹಿಣಿ. ಅದರ ಮೇಲೆ, ಕೊಂಚ ಎಡಕ್ಕೆ, ಒಂದೇ ಸಾಲಿನ ಮೂರು ಚುಕ್ಕಿಗಳನ್ನು ನಡುಪಟ್ಟಿ ಮಾಡಿಕೊಂಡ ದೊಡ್ಡ ಆಕೃತಿ ಮಹಾವ್ಯಾಧ. ಅದರ ತಲೆಯ ಸಣ್ಣ ಚುಕ್ಕಿಗಳೇ ಮೃಗಶಿರಾ, ಹೆಗಲಿನ ಕಿತ್ತಳೆ ಬಣ್ಣದ ಚುಕ್ಕಿಯೇ ಆರಿದ್ರಾ. ಇನ್ನೂ ಮೇಲೆ ಜೋಡಿಯಾಗಿ ನಿಂತದ್ದು ಪುನರ್ವಸು. ನಡುನೆತ್ತಿಯ ಹತ್ತಿರ ಮಘಾ. ಈಗ ನಿಧಾನಕ್ಕೆ ಗುಡ್ಡದ ಕಡೆ ತಿರುಗಿ. ಅಂಗೈಯ ಐದು ಬೆರಳಿನಂತೆ ಕೂಡಿರುವುದು ಹಸ್ತಾ, ಅದರ ಕೆಳಗೆ ಬಿಳಿಯಾಗಿ ಚಿತ್ತಾ, ಈಶಾನ್ಯದ ಕಡೆ ಅರಿಶಿನ ಬಣ್ಣದಲ್ಲಿ ಏರುತ್ತಿರುವುದು ಸ್ವಾತಿ.

ಪಶ್ಚಿಮದ ಕಡಲಿನಿಂದ ಪೂರ್ವದ ಘಟ್ಟದವರೆಗೆ, ಮುಂಗಾರಿನ ಮೊದಲ ಮಳೆಯಿಂದ ಹಿಂಗಾರಿನ ಕೊನೆಯ ಮಳೆಯವರೆಗೆ ಒಂದು ಇಡೀ ಬೇಸಾಯದ ವರ್ಷ ತಲೆಯ ಮೇಲೆ ಸಾಲಾಗಿ ನಿಂತಿರುತ್ತದೆ. ಅದೂ ಮಳೆ ಬರುವ ಕ್ರಮದಲ್ಲಿಯೇ. ಹತ್ತು ಗಂಟೆಯೊಳಗೆ ರೋಹಿಣಿ ಕಡಲಿಗಿಳಿಯುತ್ತದೆ. ಹನ್ನೊಂದರ ಹೊತ್ತಿಗೆ ಆರಿದ್ರಾ. ಜೂನ್‌ನಲ್ಲಿ ಮುಂಗಾರು ಮೋಡ ಎದ್ದು ಬರುವುದೂ ಅದೇ ಕಡಲಿನಿಂದ. ಚುಕ್ಕಿ ಮಳೆ ತರುವುದಿಲ್ಲ, ಕಾಲವನ್ನು ತೋರಿಸುತ್ತದೆ ಅಷ್ಟೆ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಆದರೆ ಆ ಗಡಿಯಾರವನ್ನು ನೋಡಿ ನೆಲ ಹದ ಮಾಡಿದ ಮುತ್ಯಾ ಅಜ್ಞಾನಿಯಲ್ಲ ಎಂಬುದನ್ನೂ ಹೇಳಬೇಕು.

ನಿಂತವರಿಗೆ ಮಾತ್ರ ಕಾಣುವುದು

ಮೂರು ರಾತ್ರಿ ಒಂದೇ ಊರಿನಲ್ಲಿ ಇರಿ ಎಂದದ್ದು ಬರೀ ವಿಶ್ರಾಂತಿಗಾಗಿ ಅಲ್ಲ. ಮೊದಲ ರಾತ್ರಿ ಸರಿಯಾಗಿ ಎಂಟೂವರೆಗೆ, ಒಂದು ಬಂಡೆಯನ್ನೋ ಒಂದು ತೆಂಗಿನ ಮರವನ್ನೋ ಗುರುತಿಟ್ಟುಕೊಂಡು, ರೋಹಿಣಿಯ ಚಿತ್ರ ತೆಗೆಯಿರಿ. ಎರಡನೆಯ, ಮೂರನೆಯ ರಾತ್ರಿ ಅದೇ ಜಾಗದಲ್ಲಿ, ಅದೇ ನಿಮಿಷಕ್ಕೆ ಮತ್ತೆ ತೆಗೆಯಿರಿ. ಚುಕ್ಕಿ ಪ್ರತಿ ರಾತ್ರಿ ಸುಮಾರು ಒಂದು ಡಿಗ್ರಿ ಕೆಳಗಿಳಿದಿರುತ್ತದೆ. ಚಾಚಿದ ಕೈಯ ಕಿರುಬೆರಳಿನ ಅಗಲದಷ್ಟು. ಭೂಮಿ ಸೂರ್ಯನ ಸುತ್ತ ಹೋಗುತ್ತಿರುವುದರಿಂದ ಯಾವ ಚುಕ್ಕಿಯಾದರೂ ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಮುಳುಗುತ್ತದೆ. ಹೀಗೆ ಇಳಿಯುತ್ತ ಇಳಿಯುತ್ತ ಮೇ ಕೊನೆಯ ವಾರ ರೋಹಿಣಿ ಸೂರ್ಯನನ್ನು ಕೂಡುತ್ತದೆ. ಅದೇ ರೋಹಿಣಿ ಮಳೆಯ ಆರಂಭ.

ಪುಸ್ತಕದಲ್ಲಿ ಓದಿ ಅಂಕ ಪಡೆದ ಭೂಮಿಯ ಪ್ರದಕ್ಷಿಣೆ ಹೀಗೆ ಮೂರು ಚಿತ್ರಗಳಲ್ಲಿ ಕಣ್ಣಿಗೆ ಕಾಣುತ್ತದೆ. ದಿನಕ್ಕೊಂದು ಊರು ಸುತ್ತುವವರಿಗೆ ಇದು ಸಿಗುವುದಿಲ್ಲ.

ಇನ್ನೊಂದು ಲೆಕ್ಕ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೆಯೋ ಆ ಊರಿನ ಅಕ್ಷಾಂಶ ಹೆಚ್ಚು ಕಡಿಮೆ ಅಷ್ಟೇ. ಗೋಕರ್ಣದಲ್ಲಿ ಅದು ಹದಿನಾಲ್ಕೂವರೆ ಡಿಗ್ರಿ, ಇಂಡಿಯಲ್ಲಿ ಹದಿನೇಳು. ಎರಡೂ ಕಡೆ ಬೆರಳಿನಲ್ಲಿ ಅಳೆದು ಬರೆದಿಟ್ಟರೆ ಭೂಮಿ ದುಂಡಗಿದೆ ಎಂಬುದಕ್ಕೆ ಮಕ್ಕಳು ತಾವೇ ಸಾಕ್ಷಿ ಹುಡುಕಿದಂತಾಗುತ್ತದೆ.

ಫೋನು ಸಾಕು

ಫಿಲಂ ಕ್ಯಾಮೆರಾಗಳ ಕಾಲದಲ್ಲಿ ಚುಕ್ಕಿಯ ಚಿತ್ರವೆಂದರೆ ದುಬಾರಿ ಹುಚ್ಚು. ರೋಲಿನಲ್ಲಿ ಮೂವತ್ತಾರೇ ಚಿತ್ರ. ಬಂತೋ ಇಲ್ಲವೋ ತಿಳಿಯಲು ಊರಿಗೆ ಬಂದು ಸ್ಟುಡಿಯೋದಲ್ಲಿ ತೊಳೆಸಬೇಕು. ಈಗ ಸಾಧಾರಣ ಫೋನೂ ಈ ಕೆಲಸ ಮಾಡುತ್ತದೆ. ಬೇಕಾದದ್ದು ಇಷ್ಟು:

ಮೊದಲನೆಯದು, ಅಲುಗದ ಆಸರೆ. ಮೂರು ಕಾಲಿನ ಸಣ್ಣ ಸ್ಟ್ಯಾಂಡು ಇದ್ದರೆ ಸರಿ. ಇಲ್ಲದಿದ್ದರೆ ಒಂದು ಚೀಲದಲ್ಲಿ ಉಸುಕು ತುಂಬಿ ಅದರ ಮೇಲೆ ಫೋನನ್ನು ಒರಗಿಸಿಡಿ. ಬೆರಳು ತಾಗಿದರೂ ಚಿತ್ರ ಅಲುಗುತ್ತದೆ. ಆದ್ದರಿಂದ ಮೂರು ಅಥವಾ ಹತ್ತು ಸೆಕೆಂಡಿನ ಟೈಮರ್ ಹಾಕಿ ಕೈ ಬಿಡಿ.

ಎರಡನೆಯದು, ಹೊತ್ತು. ಫೋನಿನಲ್ಲಿ ‘ಪ್ರೊ’ ಎಂಬ ವಿಭಾಗವಿದ್ದರೆ ಅಲ್ಲಿ ಬೆಳಕಿಗೆ ತೆರೆದುಕೊಳ್ಳುವ ಹೊತ್ತನ್ನು ಹದಿನೈದರಿಂದ ಇಪ್ಪತ್ತು ಸೆಕೆಂಡು, ಐಎಸ್‌ಒವನ್ನು 1600ರ ಸುಮಾರು, ಫೋಕಸ್ಸನ್ನು ಅನಂತಕ್ಕೆ ಇಡಿ. ‘ನೈಟ್’ ವಿಭಾಗ ಮಾತ್ರ ಇದ್ದರೂ ಅಡ್ಡಿಯಿಲ್ಲ. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದರೆ ಭೂಮಿ ತಿರುಗುವುದರಿಂದ ಚುಕ್ಕಿ ಚುಕ್ಕಿಯಾಗಿ ಉಳಿಯದೆ ಗೆರೆಯಾಗತೊಡಗುತ್ತದೆ. ಹತ್ತಿರಕ್ಕೆ ಎಳೆದುಕೊಂಡು, ಅಂದರೆ ಝೂಮ್ ಮಾಡಿ, ತೆಗೆದರೆ ಇನ್ನೂ ಬೇಗ ಗೆರೆಯಾಗುತ್ತದೆ.

ಮೂರನೆಯದು, ಕಣ್ಣು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಫೋನಿನ ಬಿಳಿ ಬೆಳಕು ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಬ್ಯಾಟರಿಗೆ ಕೆಂಪು ಬಣ್ಣದ ತೆಳು ಹಾಳೆ ಸುತ್ತಿ, ಪರದೆಯ ಬೆಳಕು ತಗ್ಗಿಸಿ.

ನಾಲ್ಕನೆಯದು, ಕಡಲ ಗಾಳಿ. ಅದರಲ್ಲಿ ಉಪ್ಪಿರುತ್ತದೆ, ತೇವವಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರಸಿ. ದಿಗಂತದ ಹತ್ತಿರ ಮಬ್ಬು ಹೆಚ್ಚಿರುವುದರಿಂದ ಚುಕ್ಕಿಗಳು ನೀರನ್ನು ಮುಟ್ಟುವ ಮೊದಲೇ ಮಸುಕಾಗುತ್ತವೆ. ಅದಕ್ಕೆ ಬೇಸರ ಬೇಡ.

ಕಣ್ಣಿಗೆ ಬಿಳಿಯಾಗಿ ಕಂಡ ಎಷ್ಟೋ ಚುಕ್ಕಿಗಳಿಗೆ ಚಿತ್ರದಲ್ಲಿ ಬಣ್ಣ ಬಂದಿರುತ್ತದೆ. ಆರಿದ್ರಾ ಕಿತ್ತಳೆ, ಮಹಾವ್ಯಾಧನ ಕಾಲಿನ ಚುಕ್ಕಿ ನೀಲಿ ಬಿಳುಪು. ಕೆಂಪು ತಣ್ಣಗಿನದು, ನೀಲಿ ಹೆಚ್ಚು ಬಿಸಿಯಾದದ್ದು. ಕುಲುಮೆಯ ಕಬ್ಬಿಣದ ಬಣ್ಣ ನೆನಪಿಸಿದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಚಿತ್ರ ತೆಗೆದ ದಿನ, ಹೊತ್ತು, ಊರು, ದಿಕ್ಕು ಎಲ್ಲವನ್ನೂ ಒಂದು ಎರಡು ನೂರು ಪುಟದ ವಹಿಯಲ್ಲಿ ಬರೆದಿಡಲಿ. ಬೇರೆಯವರ ಆಕಾಶವನ್ನು ತನ್ನ ಚಿತ್ರಕ್ಕೆ ಅಂಟಿಸುವ ಕಂಪ್ಯೂಟರ್ ಕಸರತ್ತು ಈಗ ಬಲು ಸುಲಭ. ಮಸುಕಾಗಿದ್ದರೂ ತನ್ನ ಚಿತ್ರವೇ ದೊಡ್ಡದು ಎಂದು ಮನೆಯವರು ಒಂದು ಮಾತು ಹೇಳಿದರೆ ಸಾಕು.

ಅಮಾವಾಸ್ಯೆಯ ಕಡಲು ಸುಮ್ಮನಿರದು

ಈಗ ಪಾಲಕರು ಕಿವಿಗೊಟ್ಟು ಕೇಳಬೇಕಾದ ಮಾತು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಹಗಲು ಹೊತ್ತಿನಲ್ಲಿಯೇ ಸಮುದ್ರಪಾಲಾದರು. ಅವರೂ ನಮ್ಮ ಮಕ್ಕಳಂತೆ ಬಯಲು ಸೀಮೆಯವರು. ಬಾವಿ, ಕಾಲುವೆ, ಹೊಳೆಯಲ್ಲಿ ಈಜು ಕಲಿತವರಿಗೂ ಕಡಲಿನ ಸೆಳೆತ ಬೇರೆಯದೇ. ಅಲೆ ದಡಕ್ಕೆ ತಳ್ಳುವಂತೆ ಕಂಡರೂ ಕಾಲ ಕೆಳಗಿನ ನೀರು ಒಳಕ್ಕೆ ಎಳೆಯುತ್ತಿರುತ್ತದೆ.

ಚುಕ್ಕಿ ನೋಡಲು ಹೋಗುವವರಿಗೆ ಇನ್ನೊಂದು ಎಚ್ಚರಿಕೆ ಹೆಚ್ಚಿಗೆ ಬೇಕು. ಅಮಾವಾಸ್ಯೆ, ಹುಣ್ಣಿಮೆಗಳಂದು ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಕಡಲಿನ ಉಬ್ಬರ ಉಳಿದ ದಿನಗಳಿಗಿಂತ ಹೆಚ್ಚು. ಅಂದರೆ ಆಕಾಶ ಅತ್ಯಂತ ಕಪ್ಪಾಗಿರುವ ರಾತ್ರಿಯೇ ನೀರು ಅತ್ಯಂತ ಮೇಲೆ ಬರುತ್ತದೆ. ಇಳಿತಕ್ಕೂ ಉಬ್ಬರಕ್ಕೂ ನಡುವೆ ಆರು ತಾಸಿನ ಸುಮಾರು ಅಂತರ. ಸಂಜೆ ದೂರ ಸರಿದಿದ್ದ ನೀರು ಚಿತ್ರ ತೆಗೆಯುವ ಭರದಲ್ಲಿ ಸದ್ದಿಲ್ಲದೆ ಬೆನ್ನ ಹಿಂದೆ ಬಂದಿರಬಹುದು. ಹೀಗಾಗಿ ಹಗಲಿನಲ್ಲಿಯೇ ಜಾಗ ನೋಡಿಡಿ. ಒಣಗಿದ ಕಡಲಕಸದ ಗೆರೆ ಎಲ್ಲಿದೆಯೋ ಅದಕ್ಕಿಂತ ಮೇಲೆ ಕೂಡಿರಿ. ಉಬ್ಬರದ ಹೊತ್ತನ್ನು ಅಲ್ಲಿಯ ಮೀನುಗಾರರನ್ನೋ ಜೀವರಕ್ಷಕರನ್ನೋ ಕೇಳಿ. ಬಂಡೆಯ ತುದಿಗೆ ಹೋಗುವುದು ಬೇಡ. ಕತ್ತಲಾದ ಮೇಲೆ ಪಾದ ನೆನೆಸಲಿಕ್ಕೂ ನೀರಿಗಿಳಿಯುವುದು ಬೇಡ. ಮಕ್ಕಳ ಜೊತೆ ದೊಡ್ಡವರೊಬ್ಬರು, ಆಕಾಶ ನೋಡದೆ ಮಕ್ಕಳನ್ನೇ ನೋಡುತ್ತ, ಇರಲೇಬೇಕು.

ಚಳಿಗಾಲದಲ್ಲಿ ಹೋದರೆ ಇನ್ನೊಂದು ಮಾತು. ಈ ತೀರದ ಕೆಲವು ಕಡೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಕಡಲಿನ ಹೊಳಪನ್ನು ಗುರುತು ಹಿಡಿದು ನೀರಿಗೆ ಹೋಗುತ್ತವೆ. ನಮ್ಮ ಬ್ಯಾಟರಿಯ ಬೆಳಕು ಅವುಗಳ ದಾರಿ ತಪ್ಪಿಸುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ಹಗಲಿಗೆ ಏನು?

ಏನೂ ಇಲ್ಲ ಎಂಬುದೇ ಉತ್ತರ. ರಾತ್ರಿ ಎಚ್ಚರವಿದ್ದವರು ಬೆಳಿಗ್ಗೆ ತಡವಾಗಿ ಏಳಲಿ. ಮೀನು ಸಂತೆ ನೋಡಿ, ಗಂಜಿ ಊಟ ಮಾಡಿ, ಮಧ್ಯಾಹ್ನ ತೆಂಗಿನ ನೆರಳಿನಲ್ಲಿ ಮಲಗಿ. ಟೈಂಟೇಬಲ್ ಇಲ್ಲದ ಮೂರು ಹಗಲು ಈಗಿನ ಮಕ್ಕಳಿಗೆ ಸಿಗುವುದು ಅಪರೂಪ.

1883ರಲ್ಲಿ ಇಪ್ಪತ್ತೆರಡರ ತರುಣನೊಬ್ಬ ಕಾರವಾರದಲ್ಲಿ ಹೀಗೆಯೇ ಬಿಡುವಾಗಿದ್ದ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಇಳಿತದ ನೀರಿನಲ್ಲಿ ತೇಲಿಕೊಂಡು ಹಿಂದಿರುಗಿ, ಕಡಲ ಉಸುಕಿನ ಮೇಲೆ ನಡೆದು ಮನೆ ಸೇರಿದ ಆತನಿಗೆ ನಿದ್ದೆ ಬರಲಿಲ್ಲ. ಎದ್ದು ಕವಿತೆ ಬರೆದ. ಮುಂದೆ ರವೀಂದ್ರನಾಥ ಟ್ಯಾಗೋರರು ತಮ್ಮ ನೆನಪುಗಳಲ್ಲಿ ಈ ರಾತ್ರಿಯನ್ನು ಬರೆದಿದ್ದಾರೆ. ಕಾರವಾರದ ತೀರಕ್ಕೆ ಈಗ ಅವರದೇ ಹೆಸರು. ಬಿಡುವಿನ ರಾತ್ರಿಯೊಂದು ಏನು ಕೊಟ್ಟೀತು ಎಂದು ಮೊದಲೇ ಹೇಳಲಾಗದು.

ಕಲಿತದ್ದು ಹೊಲಕ್ಕೆ

ಕಡಲ ಪ್ರವಾಸ ಅಲ್ಲಿಗೇ ಮುಗಿಯಬಾರದು. ಕರಾವಳಿಯಲ್ಲಿ ಕಡಲಿನ ದಿಗಂತವಿದೆ, ತಂಪು ಗಾಳಿಯಿದೆ. ಆದರೆ ಅಲ್ಲಿಯ ಗಾಳಿಯಲ್ಲಿ ತೇವವೂ ಇದೆ. ಚಳಿಗಾಲದ ಒಣ ಗಾಳಿಯ, ಅಡ್ಡಿಯಿಲ್ಲದ ಬಯಲಿನ ಆಕಾಶ ನಮ್ಮ ಜೋಳದ ಹೊಲಗಳದು. ಅದಕ್ಕೆ ಕಣ್ಣು ತೆರೆಸಲು ಕಡಲು ಒಂದು ಪಾಠಶಾಲೆ ಅಷ್ಟೆ.

ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪಲ್ಯ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಮ್ಮ ರೂಢಿ. ಹೊತ್ತು ಮುಳುಗುವ ಮುನ್ನ ಗಾಡಿ ಹೂಡಿ ಮನೆಗೆ ಬರುತ್ತೇವೆ. ಅಂದು ಮಾತ್ರ ಎರಡು ತಾಸು ತಡ ಮಾಡಿ. ವರ್ಷದ ಅತ್ಯಂತ ತಿಳಿಯಾದ ರಾತ್ರಿಗಳಲ್ಲಿ ಅದೊಂದು, ಚಂದ್ರನ ಕಾಟವಿಲ್ಲ. ಏಪ್ರಿಲಿನಲ್ಲಿ ಕಡಲಿಗಿಳಿದ ರೋಹಿಣಿ, ಮೃಗಶಿರಾ, ಆರಿದ್ರಾ ಈಗ ಪೂರ್ವದಲ್ಲಿ ತೆನೆಗಳ ಮೇಲೆ ಏರಿ ಬಂದಿರುತ್ತವೆ. ಒಂಬತ್ತರ ಹೊತ್ತಿಗೆ ದಕ್ಷಿಣದ ಅಂಚಿನಲ್ಲಿ ಅಗಸ್ತ್ಯ. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಮಸುಕಾದ ಒಂದು ಬೆಳಕಿನ ಕಲೆ: ದೇವಯಾನಿ ನಕ್ಷತ್ರ ಮಂಡಲ. ಆ ಬೆಳಕು ಹೊರಟು ಇಪ್ಪತ್ತೈದು ಲಕ್ಷ ವರ್ಷಗಳಾದವು. ಇಪ್ಪತ್ತು ಸೆಕೆಂಡಿನಲ್ಲಿ ನಿಮ್ಮ ಫೋನಿಗೆ ಅದು ಸಿಗುತ್ತದೆ.

ಕಾಲಿಗೆ ಬೂಟು, ಕೈಯಲ್ಲಿ ಬ್ಯಾಟರಿ ಇರಲಿ. ಹೊಲದಲ್ಲಿ ಹುಳಹುಪ್ಪಡಿ ಇರುತ್ತವೆ. ಆಲಮಟ್ಟಿಯ, ಬಸವಸಾಗರದ ಹಿನ್ನೀರಿನಲ್ಲಿ ಚುಕ್ಕಿಯ ಪ್ರತಿಬಿಂಬ ಹಿಡಿಯುವ ಆಸೆಯಾದರೆ ದೂರದ ಎತ್ತರದಿಂದಲೇ ಹಿಡಿಯಿರಿ. ಕೃಷ್ಣೆಯಲ್ಲಿ ಮೊಸಳೆಗಳಿವೆ.

ಈ ಕತ್ತಲು ನಮ್ಮಲ್ಲಿ ಎಷ್ಟು ದಿನ ಇದ್ದೀತು? ಕೂಡಗಿಯ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರ, ಸಕ್ಕರೆ ಕಾರ್ಖಾನೆಗಳು, ಪ್ರತಿ ಊರ ಬಾಗಿಲಿನ ಎಲ್‌ಇಡಿ ಕಂಬಗಳು. ಬೆಳಕು ಬೇಕು, ಬೇಡ ಎನ್ನುವವರಿಲ್ಲ. ನಮ್ಮ ಮಕ್ಕಳು ಓದಿ ಮುಂದೆ ಬಂದದ್ದು ಬೆಳಕಿನಿಂದಲೇ. ಆದರೆ ನೆಲಕ್ಕೆ ಬೀಳಬೇಕಾದ ಬೆಳಕು ಮುಗಿಲಿಗೆ ಹೋಗುವುದರಿಂದ ಯಾರಿಗೂ ಲಾಭವಿಲ್ಲ. ಬುಡ್ಡಿಗೆ ಒಂದು ಮುಚ್ಚಳ ಹಾಕಿ ಕೆಳಮುಖ ಮಾಡಿದರೆ ಓಣಿಗೆ ಬೆಳಕೂ ಹೆಚ್ಚು, ಆಕಾಶವೂ ಉಳಿಯುತ್ತದೆ. ತನ್ನ ಊರಿನ ಆಕಾಶದ ಚಿತ್ರ ತೆಗೆದ ಹುಡುಗಿಯೊಬ್ಬಳು ಈ ಮಾತನ್ನು ಪಂಚಾಯಿತಿಯವರಿಗೆ ಚಿತ್ರ ತೋರಿಸಿಯೇ ಹೇಳಬಲ್ಲಳು.

1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬೀ ಕಡಲಿನಿಂದ ಅಂಕೋಲಾದ ಬಳಿ ದಡ ಹತ್ತಿ, ಹುಬ್ಬಳ್ಳಿ, ರಾಯಚೂರು ಸೀಮೆ ಹಾದು ಪೂರ್ವಕ್ಕೆ ಓಡಿತು. ದೇಶ ವಿದೇಶದ ವಿಜ್ಞಾನಿಗಳು ಅದನ್ನು ನೋಡಲು ಭಾರತಕ್ಕೆ ಬಂದಿದ್ದರು. ನಮ್ಮ ಎಷ್ಟೋ ಮನೆಗಳಲ್ಲಿ ಆ ದಿನ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರು. ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದು ಅಪಾಯ, ನಿಜ. ಚುಕ್ಕಿಗಳಿಂದ ಅಂಥ ಅಪಾಯವೂ ಇಲ್ಲ, ಟಿಕೆಟ್ಟೂ ಇಲ್ಲ.

ಈ ಬೇಸಿಗೆಯ ಕ್ಯಾಲೆಂಡರಿನಲ್ಲಿ ಬಸವ ಜಯಂತಿ ಎಂದು ಬರುತ್ತದೆ ನೋಡಿ, ಅದಕ್ಕೆ ಹಿಂದಿನ ಮೂರು ರಾತ್ರಿಗಳಿಗೆ ಗುರುತು ಹಾಕಿ. ಮುತ್ಯಾನಿಗೆ ಮುಂದಿನ ಸೀಟು ಬಿಡಿ. ಮಳೆಗಳ ಹೆಸರು ಅವರು ಹೇಳಲಿ, ಚಿತ್ರ ಮಕ್ಕಳು ತೆಗೆಯಲಿ.